ಗೆರೆ ಮುಚ್ಚಿದರೆ ಸಾಲದು: ಗೇಮ್ ಮಾಡ್‌ಗಳಿಗೆ ಟೈಲ್ ಆಗುವ ಟೆಕ್ಸ್ಚರ್

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಪರದೆಯ ಮೇಲೆ ಎರಡು ನೆಲಗಳನ್ನು ತೋರಿಸಿದ್ದೆ. ಓದುತ್ತಿರುವವರಿಗೆ ಅದನ್ನು ಮಾತಿನಲ್ಲೇ ಹೇಳುತ್ತೇನೆ. ಎರಡೂ ಕಲ್ಲಿನ ನೆಲ. ಒಂದೊಂದೂ ಒಂದು ಚಿಕ್ಕ ಚಿತ್ರವನ್ನೇ ಅಕ್ಕಪಕ್ಕ, ಮೇಲೆ ಕೆಳಗೆ ಇಟ್ಟು ಹರಡಿದ್ದು. ಎಷ್ಟು ಹುಡುಕಿದರೂ ಎರಡರಲ್ಲೂ ಜೋಡಿಸಿದ ಗೆರೆ ಸಿಗುವುದಿಲ್ಲ. ಆದರೂ ಎಡಗಡೆಯದು ನೆಲದ ಹಾಗೆ ಕಾಣುತ್ತದೆ. ಬಲಗಡೆಯದು ಒಂದೇ ಚಿತ್ರವನ್ನು ಸಾಲಾಗಿ ಅಂಟಿಸಿದ ಹಾಗೆ ಕಾಣುತ್ತದೆ.

ಯಾಕೆ ಹೀಗೆ? ಇವತ್ತಿನ ಮಾತೆಲ್ಲ ಇದೊಂದು ಪ್ರಶ್ನೆಯ ಸುತ್ತಲೇ. ಮಾಡ್ ಎಂದರೆ ಇರುವ ಆಟಕ್ಕೆ ಆಡುವವರೇ ಮಾಡಿ ಸೇರಿಸುವ ಹೊಸ ಭಾಗ. ಆಟದ ನೆಲ, ಗೋಡೆಗಳ ಮೈಗೆ ಹೊದಿಸುವ ಚಿತ್ರ ಟೆಕ್ಸ್ಚರ್. ಅದನ್ನು ಹೀಗೆ ಅಕ್ಕಪಕ್ಕ ಹರಡಲು ಬಂದರೆ ಅದು ಟೈಲ್ ಆಗುತ್ತದೆ ಎನ್ನುತ್ತೇವೆ. ಟೈಲ್ ಆಗುವ ಟೆಕ್ಸ್ಚರ್ ಎಂದರೆ ಅಂಚು ಕೂಡಿದರೆ ಮುಗಿಯಿತು ಅಂತ ಹೆಚ್ಚಿನವರು ತಿಳಿದಿದ್ದಾರೆ. ನಾನೂ ತುಂಬಾ ದಿನ ಹಾಗೆಯೇ ತಿಳಿದಿದ್ದೆ. ಅಂಚು ಕೂಡಿಸುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಚಿತ್ರ ಮತ್ತೆ ಮತ್ತೆ ಬರುತ್ತಿದೆ ಎಂಬುದು ಕಣ್ಣಿಗೆ ಬೀಳದ ಹಾಗೆ ಮಾಡುವುದೇ ನಿಜವಾದ ಕೆಲಸ.

ಮೊದಲು ಒಂದು ಲೆಕ್ಕ. ಗೇಮ್ ಒಳಗೆ 40 ಮೀಟರ್ ಉದ್ದ, 40 ಮೀಟರ್ ಅಗಲದ ಒಂದು ಅಂಗಳ ಇದೆ ಅಂದುಕೊಳ್ಳಿ. ಮೀಟರಿಗೆ 512 ಪಿಕ್ಸೆಲ್‌ನಂತೆ ಇಡೀ ಅಂಗಳವನ್ನು ಒಂದೇ ಚಿತ್ರವಾಗಿ ಬರೆದರೆ 20480 × 20480 ಪಿಕ್ಸೆಲ್ ಆಗುತ್ತದೆ. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ 1600 ಎಂಬಿ. ಇದು ಒಂದು ನೆಲಕ್ಕೆ ಮಾತ್ರ. ಗೋಡೆ, ಚಾವಣಿ ಇನ್ನೂ ಬಾಕಿ. ಅದೇ 2 ಮೀಟರ್ ಅಗಲಕ್ಕೆ ಸಾಕಾಗುವ 1024 × 1024 ಚಿತ್ರ ಬರೆದು 400 ಸಲ ಹರಡಿದರೆ 4 ಎಂಬಿ ಸಾಕು. ಹತ್ತಿರ ಹೋಗಿ ನೋಡಿದಾಗ ಕಾಣುವ ವಿವರ ಎರಡರಲ್ಲೂ ಅಷ್ಟೇ.

ಮೂರು ಆಯಾಮದ ವಸ್ತುವಿನ ಮೈಮೇಲೆ ಚಿತ್ರ ಹೊದಿಸುವ ವಿಧಾನವನ್ನು ಎಡ್ವಿನ್ ಕ್ಯಾಟ್ಮಲ್ 1974ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದರು. ಅದು ಮನೆಮನೆಯ ಕಂಪ್ಯೂಟರಿಗೆ ಬಂದದ್ದು ಗೇಮ್‌ಗಳ ಮೂಲಕ. 1993ರ ಡೂಮ್‌ನಲ್ಲಿ ನೆಲ ಮತ್ತು ಚಾವಣಿಯ ಚಿತ್ರಗಳೆಲ್ಲ 64 × 64 ಪಿಕ್ಸೆಲ್, ಇಡೀ ಆಟಕ್ಕೆ ಒಂದು ಸಲಕ್ಕೆ 256 ಬಣ್ಣ. ಇವತ್ತಿಗೂ ಜನ ಆ ಆಟಕ್ಕೆ ಮ್ಯಾಪ್ (ಆಡುವ ಹೊಸ ಜಾಗ) ಮಾಡುತ್ತಾರೆ, ಹೊಸ ಟೆಕ್ಸ್ಚರ್ ಬರೆಯುತ್ತಾರೆ. ಕಲಿಯುವವರಿಗೆ ನಾನು ಹೇಳುವುದೂ ಅದನ್ನೇ: 64 × 64ರಿಂದ ಶುರು ಮಾಡಿ. ಅಲ್ಲಿ ಇರುವುದು 4096 ಪಿಕ್ಸೆಲ್. ಪ್ರತಿಯೊಂದನ್ನೂ ಕೈಯಾರೆ ಇಡಬಹುದು. ತಪ್ಪಾದರೆ ಯಾವ ಪಿಕ್ಸೆಲ್‌ನಿಂದ ತಪ್ಪಾಯಿತು ಎಂಬುದೂ ತಿಳಿಯುತ್ತದೆ. 4096 × 4096ರ ಫೋಟೋ ಹಿಡಿದು ಕೂತವರು ತಪ್ಪು ಹುಡುಕುವುದರಲ್ಲೇ ದಿನ ಕಳೆಯುತ್ತಾರೆ.

ಅಳತೆಯ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. 64, 128, 256, 512, 1024, ಹೀಗೆ ಒಂದಕ್ಕೊಂದು ಎರಡು ಪಟ್ಟಾಗಿ ಏರುವ ಅಳತೆಯನ್ನೇ ಇಟ್ಟುಕೊಳ್ಳಿ. ದೂರದ ಗೋಡೆಗೆಂದು ಎಂಜಿನ್ (ಆಟವನ್ನು ನಡೆಸುವ ಪ್ರೋಗ್ರಾಮ್) ನಿಮ್ಮ ಚಿತ್ರವನ್ನು ಅರ್ಧ, ಕಾಲು, ಅರೆಕಾಲು ಅಂತ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಮಿಪ್‌ಮ್ಯಾಪ್ ಎಂದು ಹೆಸರು. ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಇದನ್ನು ಮುಂದಿಟ್ಟರು. ಎಲ್ಲ ಮಟ್ಟಗಳೂ ಸೇರಿ ಮೂರನೇ ಒಂದು ಪಾಲಷ್ಟು ಮೆಮೊರಿ ಮಾತ್ರ ಜಾಸ್ತಿ ಬೇಕು. 1996ರ ಕ್ವೇಕ್ ಆಟದಲ್ಲಿ ಟೆಕ್ಸ್ಚರ್‌ನ ಅಗಲ, ಎತ್ತರ ಎರಡೂ 16ರಿಂದ ಭಾಗವಾಗಲೇಬೇಕು. ಅಲ್ಲಿ ಪ್ರತಿ ಟೆಕ್ಸ್ಚರ್ ಜೊತೆ ಅದರ ಮೂರು ಚಿಕ್ಕ ಪ್ರತಿಗಳನ್ನೂ ಫೈಲಿನಲ್ಲೇ ಇಡುತ್ತಾರೆ. ಮಿಪ್‌ಮ್ಯಾಪ್ ಎಂಬ ಪದ ನೆನಪಿರಲಿ. ಶುರುವಿನ ಪ್ರಶ್ನೆಗೆ ಉತ್ತರ ಸಿಗುವುದು ಅದರಲ್ಲೇ.

ಈಗ ಅಂಚಿನ ಕೆಲಸ. ಚಿತ್ರದ ಬಲ ಅಂಚು ಎಡ ಅಂಚಿಗೆ ಕೂಡಬೇಕು, ಕೆಳ ಅಂಚು ಮೇಲಿನ ಅಂಚಿಗೆ ಕೂಡಬೇಕು. ಅಂಚುಗಳು ಅಂಚಿನಲ್ಲೇ ಇದ್ದರೆ ಕೂಡುತ್ತವೋ ಇಲ್ಲವೋ ನೋಡಲು ಆಗುವುದಿಲ್ಲ, ಅಲ್ವಾ? ಅದಕ್ಕೆ ಅವನ್ನು ನಡುವಿಗೆ ತರುತ್ತೇವೆ. ಇಡೀ ಚಿತ್ರವನ್ನು ಅರ್ಧ ಅಗಲ ಬಲಕ್ಕೆ, ಅರ್ಧ ಎತ್ತರ ಕೆಳಕ್ಕೆ ಜರುಗಿಸುವುದು. ಆಚೆ ಹೋದ ಭಾಗ ಈಚೆಯಿಂದ ಒಳಗೆ ಬರುತ್ತದೆ. ಚಿತ್ರ ತಿದ್ದುವ ಪ್ರೋಗ್ರಾಮ್ ಗಿಂಪ್‌ನಲ್ಲಿ ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್ ಒಳಗೆ ಆಫ್‌ಸೆಟ್ ಅಂತ ಇದೆ. ಫೋಟೋಶಾಪ್‌ನಲ್ಲಿ ಫಿಲ್ಟರ್ ಮೆನುವಿನ ಅದರ್ ಒಳಗೆ ಸಿಗುತ್ತದೆ. ಅಲ್ಲಿ ರ‍್ಯಾಪ್ ಅರೌಂಡ್ ಆಯ್ದುಕೊಳ್ಳಿ. ಹೀಗೆ ಮಾಡಿದ ಕೂಡಲೇ ಅಂಚುಗಳು ಚಿತ್ರದ ನಡುವೆ ಕೂಡುಗೆರೆಯಾಗಿ ಬಂದು ನಿಲ್ಲುತ್ತವೆ. ಹೊಸದಾಗಿ ಅಂಚಿಗೆ ಹೋದ ಭಾಗ ಮೊದಲು ನಡುವಿನಲ್ಲಿ ಒಟ್ಟಿಗೇ ಇದ್ದದ್ದು. ಹಾಗಾಗಿ ಅದು ತಾನಾಗಿಯೇ ಕೂಡುತ್ತದೆ.

ಇನ್ನು ನಡುವಿನ ಗೆರೆಯನ್ನು ಕ್ಲೋನ್ ಅಥವಾ ಹೀಲ್ ಉಪಕರಣದಿಂದ, ಅಂದರೆ ಚಿತ್ರದ ಒಂದು ಕಡೆಯದನ್ನು ಇನ್ನೊಂದು ಕಡೆ ನಕಲಿಸುವ ಕುಂಚದಿಂದ, ಮುಚ್ಚಿ. ಒಂದೇ ಎಚ್ಚರಿಕೆ: ತಿದ್ದುವಾಗ ಹೊಸ ಅಂಚುಗಳನ್ನು ಮುಟ್ಟಬೇಡಿ. ಕುಂಚ ಅಂಚಿಗೆ ತಗುಲಿದರೆ ಸರಿಯಾಗಿದ್ದದ್ದೇ ಕೆಡುತ್ತದೆ. ತಿದ್ದಿ ಮುಗಿದ ಮೇಲೆ ಇನ್ನೊಮ್ಮೆ ಜರುಗಿಸಿ ನೋಡಿ. ಈ ಸಲ ಅರ್ಧದಷ್ಟು ಬೇಡ, ಮೂರನೇ ಒಂದು ಪಾಲು ಜರುಗಿಸಿ. ಮೊದಲ ಸಲ ಕಣ್ಣು ತಪ್ಪಿಸಿಕೊಂಡದ್ದು ಈಗ ಸಿಗುತ್ತದೆ. ಚಿತ್ರ ಬರೆಯುವ ಕ್ರಿಟಾ ಪ್ರೋಗ್ರಾಮ್ ಬಳಸುವವರಿಗೆ ಇನ್ನೂ ಸುಲಭ. ಡಬ್ಲ್ಯೂ ಕೀ ಒತ್ತಿದರೆ ಚಿತ್ರ ನಾಲ್ಕೂ ಕಡೆ ಹರಡಿಕೊಂಡು ಕಾಣುತ್ತದೆ. ಅಂಚಿನ ಮೇಲೆ ಎಳೆದ ಗೆರೆ ಆಚೆ ಬದಿಯಲ್ಲೂ ಬೀಳುತ್ತದೆ. ಕೈಯಲ್ಲಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸೌಲಭ್ಯ ನಾನು ಕಂಡಿಲ್ಲ.

ಬ್ಲರ್ ಫಿಲ್ಟರ್ ಬಗ್ಗೆ ಒಂದು ಮಾತು. ಅಂಚು ಕೂಡಿಸಿ ಮುಗಿಸಿದ ಮೇಲೆ ಸ್ವಲ್ಪ ಮೃದು ಮಾಡೋಣ ಅಂತ ಬ್ಲರ್ ಹಾಕುತ್ತೇವೆ. ಮತ್ತೆ ಗೆರೆ ಏಳುತ್ತದೆ! ಬ್ಲರ್ ಮಾಡಲು ಪ್ರತಿ ಪಿಕ್ಸೆಲ್‌ಗೆ ಅಕ್ಕಪಕ್ಕದ ಪಿಕ್ಸೆಲ್ ಬೇಕು. ಅಂಚಿನಲ್ಲಿ ಒಂದು ಕಡೆ ಏನೂ ಇಲ್ಲ. ಅಲ್ಲಿ ಪ್ರೋಗ್ರಾಮ್ ಏನೋ ಒಂದನ್ನು ಊಹಿಸಿ ತುಂಬುತ್ತದೆ. ಉಪಾಯ ಸರಳ. ಚಿತ್ರವನ್ನು 3 × 3 ಆಗಿ ಒಂಬತ್ತು ಸಲ ಹರಡಿ, ಅದರ ಮೇಲೆ ಬ್ಲರ್ ಹಾಕಿ, ನಡುವಿನ ಒಂದನ್ನು ಕತ್ತರಿಸಿಕೊಳ್ಳಿ. ಚೂಪು ಮಾಡುವ ಫಿಲ್ಟರ್, ನೆರಳು ಹಾಕುವ ಫಿಲ್ಟರ್, ಅಕ್ಕಪಕ್ಕ ನೋಡಿ ಕೆಲಸ ಮಾಡುವ ಯಾವುದೇ ಫಿಲ್ಟರ್‌ಗೂ ಇದೇ ದಾರಿ.

ಇಟ್ಟಿಗೆಯ ಗೋಡೆಗೆ ಬರೋಣ. ಇಲ್ಲಿ ಕೈಚಳಕಕ್ಕಿಂತ ಲೆಕ್ಕ ಮುಖ್ಯ, ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. 128 × 128 ಚಿತ್ರ ತೆಗೆದುಕೊಳ್ಳಿ. ಗಾರೆಯೂ ಸೇರಿ ಒಂದು ಇಟ್ಟಿಗೆ 32 ಅಗಲ, 16 ಎತ್ತರ ಇರಲಿ. ಒಂದು ಸಾಲಿಗೆ 4 ಇಟ್ಟಿಗೆ, ಒಟ್ಟು 8 ಸಾಲು. ಸಾಲು ಬಿಟ್ಟು ಸಾಲನ್ನು ಅರ್ಧ ಇಟ್ಟಿಗೆಯಷ್ಟು, ಅಂದರೆ 16 ಪಿಕ್ಸೆಲ್ ಜರುಗಿಸಿ. ಎಲ್ಲ ಸರಿಯಾಗಿ ಕೂಡುತ್ತದೆ.

ಎತ್ತರ 16ರ ಬದಲು 18 ಮಾಡಿದರೆ? 7 ಸಾಲು ಹಿಡಿದು 2 ಪಿಕ್ಸೆಲ್ ಉಳಿಯುತ್ತದೆ. ಆ ಎರಡನ್ನು ಹೇಗೋ ಹಂಚಬಹುದು. ಆದರೆ 7 ಬೆಸ ಸಂಖ್ಯೆ. ಮೊದಲ ಸಾಲು ಜರುಗದ್ದು, ಏಳನೆಯದೂ ಜರುಗದ್ದು. ಚಿತ್ರ ಹರಡಿದಾಗ ಏಳನೇ ಸಾಲಿನ ಕೆಳಗೆ ಮೊದಲ ಸಾಲು ಬರುತ್ತದೆ. ಎರಡು ಸಾಲಿನ ಗಾರೆ ಒಂದರ ಕೆಳಗೊಂದು ನೇರವಾಗಿ ನಿಲ್ಲುತ್ತದೆ. ಇಡೀ ಗೋಡೆಯಲ್ಲಿ ಅಲ್ಲಲ್ಲಿ ಅಂಥ ಜಾಗ ಕಂಡರೆ ಗೋಡೆ ಕಟ್ಟುವವರ ಕಣ್ಣಿಗಂತೂ ಅದು ಕೂಡಲೇ ಹೊಡೆಯುತ್ತದೆ. ಅರ್ಧ ಜರುಗಿಸುವುದಾದರೆ ಸಾಲುಗಳು ಸಮಸಂಖ್ಯೆಯಲ್ಲಿರಬೇಕು. ಮೂರನೇ ಒಂದು ಪಾಲಿನಂತೆ ಜರುಗಿಸುತ್ತಾ ಹೋಗುವುದಾದರೆ ಮೂರರಿಂದ ಭಾಗವಾಗಬೇಕು.

ಗಾರೆಯನ್ನು ಇಟ್ಟಿಗೆಯ ನಾಲ್ಕೂ ಕಡೆ ಪೂರ್ತಿ ಬರೆಯಬೇಡಿ. ಬಲಕ್ಕೆ ಮತ್ತು ಕೆಳಕ್ಕೆ ಮಾತ್ರ ಬರೆಯಿರಿ. ನಾಲ್ಕೂ ಕಡೆ ಬರೆದರೆ ಒಂದರ ಪಕ್ಕ ಇನ್ನೊಂದು ಕೂತಾಗ ಗಾರೆ ಎರಡು ಪಟ್ಟು ದಪ್ಪವಾಗುತ್ತದೆ. ಬೆಳಕನ್ನೂ ಒಂದೇ ದಿಕ್ಕಿಗೆ ಇಟ್ಟುಕೊಳ್ಳಿ. ಮೇಲಿನ ಅಂಚಿಗೆ ಒಂದು ಪಿಕ್ಸೆಲ್ ತಿಳಿ ಬಣ್ಣ, ಕೆಳಗಿನ ಅಂಚಿಗೆ ಒಂದು ಪಿಕ್ಸೆಲ್ ಗಾಢ ಬಣ್ಣ, ಇಷ್ಟಕ್ಕೇ ಇಟ್ಟಿಗೆ ಉಬ್ಬಿ ನಿಲ್ಲುತ್ತದೆ. ಮಾಡ್‌ನ ಎಲ್ಲ ಟೆಕ್ಸ್ಚರ್‌ಗಳಿಗೂ ಅದೇ ದಿಕ್ಕು ಇರಲಿ.

ಅಂದಹಾಗೆ, ಮೂಲ ಡೂಮ್ ಎಂಜಿನ್‌ನಲ್ಲಿ ಗೋಡೆಯ ಟೆಕ್ಸ್ಚರ್ 128 ಪಿಕ್ಸೆಲ್ ಎತ್ತರ ಇದ್ದರೆ ಮಾತ್ರ ಮೇಲಕ್ಕೆ ಸರಿಯಾಗಿ ಹರಡುತ್ತದೆ. ಅದಕ್ಕಿಂತ ಗಿಡ್ಡದಾದರೆ ಉಳಿದ ಜಾಗದಲ್ಲಿ ಅರ್ಥವಿಲ್ಲದ ಬಣ್ಣದ ಚುಕ್ಕೆಗಳು ತುಂಬಿಕೊಳ್ಳುತ್ತವೆ. ನಿಮ್ಮ ಚಿತ್ರ ಕೆಟ್ಟಿದೆ ಎಂದು ತಿದ್ದಲು ಕೂರಬೇಡಿ, ಎತ್ತರ ಸರಿ ಮಾಡಿ.

ಫೋಟೋದಿಂದ ಟೆಕ್ಸ್ಚರ್ ಮಾಡುವವರು ಒಂದು ಮಾತು ಕೇಳಿ. ಮೋಡ ಕವಿದ ದಿನ ಫೋಟೋ ತೆಗೆಯಿರಿ. ಬಿಸಿಲಿನಲ್ಲಿ ತೆಗೆದರೆ ನೆರಳು ಚಿತ್ರದೊಳಗೆ ಕೂತುಬಿಡುತ್ತದೆ. ಗೇಮ್‌ನಲ್ಲಿ ದೀಪ ಎಡಗಡೆ ಇದ್ದರೂ ನಿಮ್ಮ ಕಲ್ಲಿನ ನೆರಳು ಎಡಕ್ಕೇ ಬಿದ್ದಿರುತ್ತದೆ. ಗೋಡೆಗೆ ನೇರ ಎದುರು ನಿಂತು, ಸ್ವಲ್ಪ ದೂರದಿಂದ ಝೂಮ್ ಮಾಡಿ ತೆಗೆಯಿರಿ. ಓರೆಯಾದರೆ ಇಟ್ಟಿಗೆ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು ಬರುತ್ತದೆ. ಇಷ್ಟೆಲ್ಲ ಮಾಡಿದರೂ ಫೋಟೋದ ಒಂದು ಮೂಲೆ ಸ್ವಲ್ಪ ಬೆಳಗಿರುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಹೈ ಪಾಸ್ ಫಿಲ್ಟರ್ ಇದನ್ನು ಹದಕ್ಕೆ ತರುತ್ತದೆ. ಚಿಕ್ಕ ವಿವರಗಳನ್ನು ಉಳಿಸಿಕೊಂಡು, ಬೆಳಕಿನ ನಿಧಾನದ ಏರಿಳಿತವನ್ನು ತೆಗೆದುಹಾಕುತ್ತದೆ. ಕೆಲಸದ ಪ್ರತಿಯನ್ನು ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಪ್ರತಿ ಸಲ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ.

ಈಗ ಆ ಎರಡು ನೆಲಗಳ ವಿಷಯ. ಬಲಗಡೆಯದು ನಾನು ಮೊದಲು ಮಾಡಿದ ಮ್ಯಾಪ್‌ನ ಅಂಗಳ. ಆ ಕಲ್ಲಿನ ಚಿತ್ರಕ್ಕೆ ಎರಡು ದಿನ ಕೂತಿದ್ದೆ. ಒಂದು ಮೂಲೆಯಲ್ಲಿ ಕಪ್ಪು ಕಲೆ ಇತ್ತು, ನೀರು ಇಂಗಿದ ಹಾಗೆ. ಬಹಳ ಚೆನ್ನಾಗಿ ಬಂದಿತ್ತು. ಆಟದೊಳಗೆ ಹಾಕಿ ಗೆಳೆಯನಿಗೆ ತೋರಿಸಿದೆ. ಅವನು ನೋಡಿದ ತಕ್ಷಣ ಕೇಳಿದ್ದು, “ನೆಲದ ತುಂಬಾ ಯಾಕೋ ಚುಕ್ಕೆ ಇಟ್ಟಿದ್ದೀಯಾ?” ಒಂದು ಕಲೆ ಕಲೆಯಾಗಿ ಕಾಣುತ್ತದೆ. ನಾನೂರು ಕಲೆ ಸಾಲಾಗಿ ನಿಂತರೆ ಅದು ವಿನ್ಯಾಸವಾಗಿಬಿಡುತ್ತದೆ.

ಕಾರಣ ಮಿಪ್‌ಮ್ಯಾಪ್‌ನಲ್ಲಿದೆ. ದೂರ ಹೋದಷ್ಟೂ ಎಂಜಿನ್ ಚಿಕ್ಕ ಪ್ರತಿಯನ್ನು ಬಳಸುತ್ತದೆ. ಚಿಕ್ಕದು ಮಾಡುವುದೆಂದರೆ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಮಾಡುವುದು. ಮರಳಿನ ಕಾಳಿನಷ್ಟು ಚಿಕ್ಕ ಚುಕ್ಕೆ ಒಂದೆರಡು ಮಟ್ಟದಲ್ಲೇ ಸರಾಸರಿಯಲ್ಲಿ ಕರಗಿಹೋಗುತ್ತದೆ. ಚಿತ್ರದ ಕಾಲು ಭಾಗ ಅಗಲದ ಕಲೆ ಹಾಗೆ ಕರಗುವುದಿಲ್ಲ. ಚಿತ್ರ 4 × 4 ಪಿಕ್ಸೆಲ್‌ಗೆ ಇಳಿದರೂ ಅದು ಒಂದು ಪಿಕ್ಸೆಲ್ ಆಗಿ ಉಳಿದೇ ಇರುತ್ತದೆ. ಅಂದರೆ ದೂರದಲ್ಲಿ, ಚಿತ್ರ ನೂರಾರು ಸಲ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗದಲ್ಲಿ, ವಿವರವೆಲ್ಲ ಅಳಿದು ಕಲೆ ಮಾತ್ರ ಉಳಿಯುತ್ತದೆ.

ಇದರಿಂದ ಒಂದು ಪರೀಕ್ಷೆ ಹುಟ್ಟುತ್ತದೆ. ಮುಗಿದ ಟೆಕ್ಸ್ಚರ್‌ನ ಪ್ರತಿ ತೆಗೆದು, ಅದನ್ನು 4 × 4ಕ್ಕೆ ಇಳಿಸಿ, ದೊಡ್ಡದು ಮಾಡಿ ನೋಡಿ. ಹದಿನಾರು ಚೌಕಗಳು ಹೆಚ್ಚು ಕಡಿಮೆ ಒಂದೇ ಬಣ್ಣ ಇವೆಯೇ? ದೊಡ್ಡ ಬಯಲಿಗೂ ಧೈರ್ಯವಾಗಿ ಹರಡಬಹುದು. ಒಂದು ಚೌಕ ಮಾತ್ರ ಎದ್ದು ಕಾಣುತ್ತಿದೆಯೇ? ಅಂಗಳದಲ್ಲಿ ಅದೇ ಚುಕ್ಕೆಯ ಸಾಲಾಗುತ್ತದೆ. ನಾನು ಈಗ ಮಾಡುವ ಪ್ರತಿ ಟೆಕ್ಸ್ಚರ್‌ಗೂ ಇದನ್ನು ಮಾಡಿ ನೋಡುತ್ತೇನೆ, ಹತ್ತು ಸೆಕೆಂಡಿನ ಕೆಲಸ. ಎಡಗಡೆಯ ನೆಲ ಅದೇ ಕಲ್ಲು, ಅದೇ ಬಿರುಕುಗಳು. ಆ ಕಲೆಯನ್ನು ತೆಗೆದು ಮೂಲೆಗಳ ಬೆಳಕನ್ನು ಸಮ ಮಾಡಿದ್ದೇನೆ, ಅಷ್ಟೇ.

ಹಾಗಾದರೆ ನೆಲವೆಲ್ಲ ಸಪ್ಪೆಯಾಗುವುದಿಲ್ಲವೇ ಅಂತ ಮಾತಿನ ನಡುವೆ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕಲೆ ಬೇಕು. ಆದರೆ ಅದು ಟೈಲ್‌ನೊಳಗೆ ಬೇಡ. ನೀರಿನ ಕಲೆ, ದೊಡ್ಡ ಬಿರುಕು, ಒಡೆದ ಇಟ್ಟಿಗೆ, ಇವನ್ನೆಲ್ಲ ಪಾರದರ್ಶಕ ಹಿನ್ನೆಲೆಯ ಬೇರೆ ಚಿತ್ರವಾಗಿ ಮಾಡಿ, ಬೇಕಾದ ಒಂದೆರಡು ಕಡೆ ಮಾತ್ರ ಮೇಲಿಂದ ಅಂಟಿಸಿ. ಇದಕ್ಕೆ ಡೀಕಲ್ ಎನ್ನುತ್ತಾರೆ. ಡೀಕಲ್ ಹಾಕಲು ಬಾರದ ಎಂಜಿನ್ ಆದರೆ ಅದೇ ಟೆಕ್ಸ್ಚರ್‌ನ ಎರಡು ಮೂರು ರೂಪ ಮಾಡಿ ಬೆರೆಸಿ. ಎಲ್ಲಕ್ಕೂ ಅಂಚು ಒಂದೇ ಇರಲಿ, ಒಳಗಿನದು ಮಾತ್ರ ಬೇರೆ. 1998ರ ಹಾಫ್ ಲೈಫ್‌ನಲ್ಲಿ ಟೆಕ್ಸ್ಚರ್ ಹೆಸರಿನ ಮೊದಲು ಮೈನಸ್ ಚಿಹ್ನೆ ಮತ್ತು ಒಂದು ಅಂಕಿ ಹಾಕಿದರೆ ಎಂಜಿನ್ ತಾನೇ ಆ ರೂಪಗಳನ್ನು ಕಲಸಿ ಹರಡುತ್ತದೆ.

ಮೈನ್‌ಕ್ರಾಫ್ಟ್‌ನ ದಾರಿ ಬೇರೆ. ಅಲ್ಲಿ ಚಿತ್ರ 16 × 16 ಮಾತ್ರ. ಮಣ್ಣು, ಮರಳಿನಂಥ ಬ್ಲಾಕ್‌ಗಳ ಮೇಲ್ಮೈಯನ್ನು ಆಟವೇ ಅಲ್ಲಲ್ಲಿ ತಿರುಗಿಸಿ ಇಡುತ್ತದೆ. ತಿರುಗಿಸಿದಾಗ ಬಲ ಅಂಚು ಮೇಲಿನ ಅಂಚಿನ ಪಕ್ಕ ಬಂದು ಕೂರಬಹುದು. ಎಡಕ್ಕೆ ಬಲ ಕೂಡಿದರೆ ಅಲ್ಲಿ ಸಾಲದು, ಯಾವ ಅಂಚಿಗೆ ಯಾವುದು ಬಂದರೂ ಒಪ್ಪಬೇಕು. ಅದಕ್ಕೆ ಅಂಥ ಟೆಕ್ಸ್ಚರ್‌ನ ಅಂಚಿನ ಸಾಲಿನಲ್ಲಿ ಉದ್ದ ಗೆರೆ ಇಡಬೇಡಿ. ಬಿಡಿ ಬಿಡಿ ಪಿಕ್ಸೆಲ್ ಇಡಿ.

ಮರಳು, ಸಿಮೆಂಟಿನಂಥ ಮೇಲ್ಮೈಗೆ ನಾಯ್ಸ್, ಅಂದರೆ ಲೆಕ್ಕದಿಂದ ಹುಟ್ಟಿಸುವ ಕ್ರಮವಿಲ್ಲದ ಏರಿಳಿತ, ಬಹಳ ಉಪಯೋಗ. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ ವಿಧಾನಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಗಿಂಪ್‌ನ ಸಾಲಿಡ್ ನಾಯ್ಸ್‌ನಲ್ಲಿ ಟೈಲಬಲ್ ಎಂದು ಗುರುತು ಹಾಕಿದರೆ ಅಂಚು ಕೂಡಿಯೇ ಬರುತ್ತದೆ. ಅದನ್ನು ಸುಮ್ನೆ ಹಾಗೇ ಬಳಸಬೇಡಿ. ಮೋಡದ ಹಾಗೆ ದೊಡ್ಡ ದೊಡ್ಡ ಏರಿಳಿತ ಅದರಲ್ಲಿ ಇರುತ್ತದೆ, 4 × 4 ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಗಾತ್ರ ಚಿಕ್ಕದು ಮಾಡಿ, ನಿಮ್ಮ ಚಿತ್ರದ ಮೇಲೆ ತೆಳುವಾಗಿ ಬೆರೆಸಿ.

ಆಟದೊಳಗೆ ಹಾಕುವಾಗ ಆಗುವ ತೊಂದರೆಗಳಲ್ಲಿ ಮೂರನ್ನು ಹೇಳಲೇಬೇಕು. ಕ್ವೇಕ್‌ನ 256 ಬಣ್ಣಗಳಲ್ಲಿ ಕೊನೆಯ 32 ಬಣ್ಣಗಳಿಗೆ ಕತ್ತಲೆ ತಾಗುವುದಿಲ್ಲ. ಫೋಟೋವನ್ನು ಆ ಪ್ಯಾಲೆಟ್‌ಗೆ (ಬಣ್ಣಗಳ ಪಟ್ಟಿಗೆ) ಬದಲಿಸುವಾಗ ಅಂಥ ಕೆಲವು ಪಿಕ್ಸೆಲ್ ಸೇರಿಕೊಂಡರೆ ಕತ್ತಲೆ ಕೋಣೆಯ ಗೋಡೆಯಲ್ಲಿ ಚುಕ್ಕಿಗಳು ಹೊಳೆಯುತ್ತವೆ. ಬದಲಿಸುವ ಮೊದಲೇ ಆ 32ನ್ನು ಪ್ಯಾಲೆಟ್‌ನಿಂದ ಬಿಟ್ಟುಬಿಡಿ. ಎರಡನೆಯದು ಟೆಕ್ಸ್ಚರನ್ನು ಡಿಡಿಎಸ್ ಎಂಬ ಬಗೆಯ ಚಿತ್ರದ ಫೈಲಾಗಿ ಕೇಳುವ ಆಟಗಳದ್ದು. ಅಲ್ಲಿನ ಡಿಎಕ್ಸ್‌ಟಿ1 ಸಂಕೋಚನ ಚಿತ್ರವನ್ನು 4 × 4 ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಹೆಚ್ಚೆಂದರೆ 4 ಬಣ್ಣ ಕೊಡುತ್ತದೆ. 4 ಎಂಬಿಯ ಚಿತ್ರ ಅರ್ಧ ಎಂಬಿಗೆ ಇಳಿಯುತ್ತದೆ. ಬದಲಿಗೆ ನಯವಾದ ಬಣ್ಣದ ಇಳಿಜಾರು ಮೆಟ್ಟಿಲು ಮೆಟ್ಟಿಲಾಗುತ್ತದೆ. ಸ್ವಲ್ಪ ಒರಟಾದ ಮೇಲ್ಮೈಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಮೂರನೆಯದು ನಾರ್ಮಲ್ ಮ್ಯಾಪ್, ಅಂದರೆ ಮೇಲ್ಮೈಯ ಉಬ್ಬು ತಗ್ಗನ್ನು ಬಣ್ಣಗಳಲ್ಲಿ ಬರೆದಿಡುವ ಚಿತ್ರ. ಗ್ರಾಫಿಕ್ಸ್ ವ್ಯವಸ್ಥೆಗಳಾದ ಓಪನ್‌ಜಿಎಲ್ ಕ್ರಮಕ್ಕೂ ಡೈರೆಕ್ಟ್‌ಎಕ್ಸ್ ಕ್ರಮಕ್ಕೂ ಅದರ ಹಸಿರು ಚಾನೆಲ್ (ಹಸಿರು ಬಣ್ಣದ ಪದರ) ತಲೆಕೆಳಗು. ಇಟ್ಟಿಗೆ ಉಬ್ಬುವ ಬದಲು ಒಳಗೆ ಕುಸಿದಂತೆ ಕಂಡರೆ ಹಸಿರು ಚಾನೆಲ್ ತಿರುಗಿಸಿ ನೋಡಿ.

ಬೇರೆ ಆಟದ ಫೈಲಿನಿಂದ ಟೆಕ್ಸ್ಚರ್ ಕಿತ್ತು ನಿಮ್ಮ ಮಾಡ್‌ನಲ್ಲಿ ಹಂಚಬೇಡಿ. ಅದನ್ನು ಬರೆದವರು ಯಾರೋ ಇದ್ದಾರೆ, ಹಕ್ಕು ಅವರದ್ದು ಅಥವಾ ಅವರ ಸಂಸ್ಥೆಯದ್ದು. ತಯಾರಾದದ್ದೇ ಬೇಕಾದರೆ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಜಾಲತಾಣಗಳೆರಡೂ ಸಿಸಿ0 ಪರವಾನಗಿಯಲ್ಲಿ ಕೊಡುತ್ತವೆ. ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಬಹುದು.

ಕೊನೆಯಲ್ಲಿ ಬಂದ ಪ್ರಶ್ನೆ: ಗಿಂಪ್‌ನಲ್ಲಿ ಟೈಲ್ ಸೀಮ್‌ಲೆಸ್ ಅನ್ನುವ ಫಿಲ್ಟರ್ ಇದೆಯಲ್ಲ, ಅದನ್ನೇ ಒತ್ತಿದರೆ ಆಗುವುದಿಲ್ಲವೇ? ಜಲ್ಲಿ, ಹುಲ್ಲು, ಮರಳಿಗೆ ಆಗುತ್ತದೆ. ಅದು ಚಿತ್ರದ ಮೇಲೆ ಜರುಗಿಸಿದ ಪ್ರತಿಯನ್ನು ಮಸುಕಾಗಿ ಬೆರೆಸುತ್ತದೆ. ಇಟ್ಟಿಗೆಗೆ ಹಾಕಿದರೆ ಒಂದರ ಮೇಲೆ ಇನ್ನೊಂದು ಇಟ್ಟಿಗೆ ನೆರಳಿನ ಹಾಗೆ ಕಾಣುತ್ತದೆ. ಹಲಗೆಗೂ ಅಷ್ಟೇ.

ಈಗ ಎಲ್ಲರೂ ಪ್ರೋಗ್ರಾಮ್ ತೆರೆಯಿರಿ. ಹೊಸ ಫೈಲ್, 64 × 64. ಬೂದು ಬಣ್ಣದ ಐದು ಛಾಯೆ ಸಾಕು. ಇಪ್ಪತ್ತು ನಿಮಿಷದಲ್ಲಿ ಒಂದು ಕಲ್ಲಿನ ನೆಲ ಬರೆಯಿರಿ. ಆಮೇಲೆ ಒಬ್ಬೊಬ್ಬರದ್ದನ್ನೂ ಇದೇ ಪರದೆಯ ಮೇಲೆ 20 × 20 ಹರಡಿ ನೋಡೋಣ.